‘ದಿ ಗೋಲ್ಡನ್ ಕಂಪಾಸ್’ಗೆ ಬಂದ ದುಡ್ಡು ಯಾರ ಪಾಲಾಯಿತು? (ಪ್ರಶ್ನೋತ್ತರ)

ಅಡ್ಮಿನ್: ಈ ವಾರ ಸಿನಿಮಾ ನಿರ್ಮಾಪಕರ, ವಿತರಕರ ಲೆಕ್ಕಪತ್ರ ನೋಡುವ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ನಮ್ಮ ಜೊತೆ ಇದ್ದಾರೆ. ವಿಷಯ, ಮನೆಮಂದಿಯೆಲ್ಲ ಕೂತು ನೋಡುವ ಫ್ಯಾಂಟಸಿ ಸಿನಿಮಾಗಳ ಖರ್ಚು ಮತ್ತು ಗಳಿಕೆ. ಗ್ರೂಪಿನಲ್ಲಿ ಸುತ್ತುತ್ತಿರುವ ಫಾರ್ವರ್ಡ್‌ನಿಂದಲೇ ಶುರು ಮಾಡೋಣ. ಅದರಲ್ಲಿರುವುದು ಇಷ್ಟು: "2007ರ ‘ದಿ ಗೋಲ್ಡನ್ ಕಂಪಾಸ್’ಗೆ ಹಾಕಿದ್ದು 18 ಕೋಟಿ ಡಾಲರ್, ಬಂದಿದ್ದು 37 ಕೋಟಿ. ಮಕ್ಕಳ ಫ್ಯಾಂಟಸಿಗೆ ಹಾಕಿದ ದುಡ್ಡು ಡಬಲ್ ಗ್ಯಾರಂಟಿ." ಪ್ರಶ್ನೆ ಕೇಳಿ.

ಹಾಸನದ ಸದಸ್ಯ: ಮೇಡಂ, ಒಂದೇ ಮಾತಿನಲ್ಲಿ ಹೇಳಿ. ಅದು ಹಿಟ್ಟಾ, ಫ್ಲಾಪಾ?

ಸಿಎ: ತೆಗೆದ ಕಂಪನಿಗೆ ಫ್ಲಾಪ್. ಹೊರದೇಶಗಳಲ್ಲಿ ಚೆನ್ನಾಗಿ ಓಡಿತು. ಎರಡೂ ನಿಜ.

ಮೈಸೂರಿನ ಸದಸ್ಯೆ: ಅದು ಹೇಗೆ? ಖರ್ಚಿನ ಎರಡರಷ್ಟು ಬಂದಿದೆ ಅಲ್ವಾ?

ಸಿಎ: ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಫಾರ್ವರ್ಡ್‌ನಲ್ಲಿರುವ ಎರಡೂ ಅಂಕಿ ಸರಿ. ಖರ್ಚು ಸುಮಾರು 18 ಕೋಟಿ ಡಾಲರ್. ಪ್ರಪಂಚದಾದ್ಯಂತ ಟಿಕೆಟ್ ಮಾರಾಟ ಸುಮಾರು 37 ಕೋಟಿ. ತಪ್ಪಿರುವುದು ಇವೆರಡರ ನಡುವೆ. ಆ 37 ಕೋಟಿಯಲ್ಲಿ ಅಮೆರಿಕ, ಕೆನಡಾದ್ದು ಬರೀ 7 ಕೋಟಿ. ಉಳಿದ 30 ಕೋಟಿ ಹೊರದೇಶಗಳದ್ದು. ನ್ಯೂ ಲೈನ್ ಸಿನಿಮಾ ಎಂಬ ಕಂಪನಿ ಇದನ್ನು ತೆಗೆಯಲು ದುಡ್ಡು ಹೊಂದಿಸಿದ್ದೇ ಹೊರದೇಶಗಳ ಹಕ್ಕನ್ನು ಮುಂಚೆಯೇ ಮಾರಿ. ಹಾಗಾಗಿ ಆ 30 ಕೋಟಿಯ ಫಸಲು ಕೊಂಡವರ ಕಣಕ್ಕೆ ಹೋಯಿತು. ನ್ಯೂ ಲೈನ್ ಕೈಯಲ್ಲಿ ಉಳಿದದ್ದು ತನ್ನದೇ ನೆಲದ 7 ಕೋಟಿ. ಅದರಲ್ಲೂ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ನವರಿಗೆ. ಪ್ರಚಾರ ಮತ್ತು ಪ್ರಿಂಟ್‌ನ (ಥಿಯೇಟರ್‌ಗಳಿಗೆ ಕಳಿಸುವ ಸಿನಿಮಾ ಪ್ರತಿಗಳ) ಖರ್ಚು ಬೇರೆ. ಅದು 18 ಕೋಟಿಯ ಒಳಗೆ ಸೇರಿಲ್ಲ.

ಮುಂಚೆ ಮಾರಿದ್ದು ದಡ್ಡತನ ಅನ್ನಬೇಡಿ. ‘ಲಾರ್ಡ್ ಆಫ್ ದಿ ರಿಂಗ್ಸ್’ಗೂ ಇದೇ ಕಂಪನಿ ಇದೇ ದಾರಿ ಹಿಡಿದಿತ್ತು. ಆಗ ಅಮೆರಿಕದಲ್ಲೇ ಮೊದಲ ಭಾಗ 30 ಕೋಟಿ ಡಾಲರ್ ದಾಟಿತು, ದಾರಿ ಸರಿಯಾಗಿ ಕಂಡಿತು. ಮುಂಚೆ ಮಾರಿದರೆ ಸೋತಾಗ ಪೆಟ್ಟು ಕಡಿಮೆ. ಗೆದ್ದಾಗ ಆ ಏರಿಯಾದ ಗೆಲುವು ನಿಮ್ಮದಲ್ಲ. ಗೋಲ್ಡನ್ ಕಂಪಾಸ್ ಗೆದ್ದಿದ್ದು ಮಾರಿದ ಕಡೆ, ಸೋತಿದ್ದು ಇಟ್ಟುಕೊಂಡ ಕಡೆ.

2008ರ ಫೆಬ್ರವರಿ 24ರಂದು ಈ ಸಿನಿಮಾಗೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. 28ನೇ ತಾರೀಕು, ನ್ಯೂ ಲೈನ್ ಅನ್ನು ವಾರ್ನರ್ ಬ್ರದರ್ಸ್ ಒಳಗೆ ಸೇರಿಸುವುದಾಗಿ ಮಾಲೀಕ ಕಂಪನಿ ಟೈಮ್ ವಾರ್ನರ್ ಹೇಳಿತು. ಇದೊಂದೇ ಸಿನಿಮಾ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಪೆಟ್ಟು ದೊಡ್ಡದು. ಮುಂದಿನ ಎರಡು ಭಾಗಗಳೂ ಬರಲಿಲ್ಲ.

ನ್ಯೂಜೆರ್ಸಿಯ ಸದಸ್ಯ: ಅಮೆರಿಕದಲ್ಲಿ ಬಿದ್ದಿದ್ದು ಬಹಿಷ್ಕಾರದಿಂದ. ಕ್ಯಾಥೊಲಿಕ್ ಲೀಗ್ ಎಂಬ ಇಲ್ಲಿನ ಕ್ರೈಸ್ತ ಸಂಘಟನೆ ಬಿಡುಗಡೆಗೆ ಮುಂಚೆಯೇ ಕರೆ ಕೊಟ್ಟಿತ್ತು. ಡಿಸೆಂಬರ್ ರಜೆಯ ಸೀಸನ್‌ನಲ್ಲಿ ಮನೆಮಂದಿಯೇ ಬರದಿದ್ದರೆ ಇನ್ಯಾರು ಬರ್ತಾರೆ?

ಮಂಗಳೂರಿನ ಸದಸ್ಯೆ: ಎಲ್ಲವನ್ನೂ ಚರ್ಚ್ ಮೇಲೆ ಹಾಕಬೇಡಿ. ಸಿನಿಮಾಗೆ ಮೂಲವಾದ ಪುಸ್ತಕದ ಕೊನೆಯ ಅಧ್ಯಾಯಗಳನ್ನೇ ತೆಗೆದು ಮುಂದಿನ ಭಾಗಕ್ಕೆ ಇಟ್ಟುಕೊಂಡರು. ಕಥೆ ಅರ್ಧಕ್ಕೆ ನಿಂತ ಹಾಗಿದೆ. ಪುಸ್ತಕ ಓದಿದವರಿಗೇ ಬೇಜಾರಾಯಿತು.

ನ್ಯೂಜೆರ್ಸಿಯ ಸದಸ್ಯ: ನಾನು ಆಗ ಇಲ್ಲೇ ಇದ್ದೆ. ನೀವು ಇದ್ರಾ?

ಮಂಗಳೂರಿನ ಸದಸ್ಯೆ: ಸಿನಿಮಾ ಚೆನ್ನಾಗಿಲ್ಲ ಅನ್ನೋಕೆ ನ್ಯೂಜೆರ್ಸಿಯಲ್ಲಿ ಇರಬೇಕಾ?

ಸಿಎ: ಇಬ್ಬರು ಹೇಳಿದ್ದೂ ನಡೆದದ್ದೇ. ಎಷ್ಟು ಟಿಕೆಟ್ ಯಾವ ಕಾರಣಕ್ಕೆ ಹೋಯಿತು ಅಂತ ಅಳೆಯಲು ಆಗುವುದಿಲ್ಲ. ಮೊದಲ ವಾರಾಂತ್ಯ ಸುಮಾರು 2.6 ಕೋಟಿ ಡಾಲರ್ ಬಂತು. 18 ಕೋಟಿಯ ಸಿನಿಮಾಗೆ ಅದು ತೀರಾ ಕಡಿಮೆ.

ತುಮಕೂರಿನ ಸದಸ್ಯ: 18 ಕೋಟಿ ಡಾಲರ್ ಅಂದ್ರೆ 1,500 ಕೋಟಿ ರೂಪಾಯಿಗೂ ಜಾಸ್ತಿ! ನಮ್ಮವರು 2 ಕೋಟಿಯಲ್ಲಿ ಫ್ಯಾಂಟಸಿ ತೆಗೀತಾರೆ.

ಧಾರವಾಡದ ಸದಸ್ಯ: 2007ರಲ್ಲಿ ಡಾಲರ್ 40 ರೂಪಾಯಿ ಆಸುಪಾಸಿನಲ್ಲಿತ್ತು. 720 ಕೋಟಿ ಅನ್ನಿ. ಈಗಿನ ರೇಟಿನಲ್ಲಿ ಯಾಕೆ ಗುಣಿಸ್ತೀರಿ?

ತುಮಕೂರಿನ ಸದಸ್ಯ: ಆಗಿನ 720 ಕೋಟಿಗೆ ಈಗಿನ ಬೆಲೆ ಎಷ್ಟು ಹೇಳಿ ನೋಡೋಣ. ಸುಮ್ನೆ ತಿದ್ದೋಕೆ ಬರಬೇಡಿ.

ಬಳ್ಳಾರಿಯ ಸದಸ್ಯ: ಹಿಟ್ಟಾ ಫ್ಲಾಪಾ ಅಂತ ಮೊದಲು ಹೇಳಿ ಮೇಡಂ.

ಸಿಎ: ಮೇಲೆ ಹೇಳಿದ್ದೇನೆ.

ಬೆಳಗಾವಿಯ ಸದಸ್ಯೆ: ನನ್ನದು ಬೇರೆ ಪ್ರಶ್ನೆ. ಹ್ಯಾರಿ ಪಾಟರ್ ಸಿನಿಮಾ ಒಂದು ನಷ್ಟದಲ್ಲಿದೆ ಅಂತ ಓದಿದ ನೆನಪು. ನಿಜವಾ?

ಸಿಎ: ಕಾಗದದ ಮೇಲೆ ನಿಜ. ಅದು ‘ಆರ್ಡರ್ ಆಫ್ ದಿ ಫೀನಿಕ್ಸ್’, ಅದೂ 2007ರದ್ದೇ. ಟಿಕೆಟ್ ಮಾರಾಟ 93 ಕೋಟಿ ಡಾಲರ್ ದಾಟಿತ್ತು. 2010ರಲ್ಲಿ ಅದರ ಲೆಕ್ಕದ ಹಾಳೆ ಹೊರಗೆ ಬಂತು. ಅದರ ಪ್ರಕಾರ 16.7 ಕೋಟಿ ಡಾಲರ್ ನಷ್ಟ! ಸ್ಟುಡಿಯೋ ತನ್ನ ವಿತರಣೆ ಫೀ, ಪ್ರಚಾರ, ಬಡ್ಡಿ ಎಲ್ಲವನ್ನೂ ಮೊದಲು ಕಳೆದುಕೊಳ್ಳುತ್ತದೆ. ಆಮೇಲೆ ಉಳಿದದ್ದಕ್ಕೆ ‘ನಿವ್ವಳ ಲಾಭ’ ಅಂತ ಹೆಸರು. ಆ ಲಾಭದಲ್ಲಿ ಪಾಲು ಬರೆಸಿಕೊಂಡವರಿಗೆ ಏನೂ ಬರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕೊಪ್ಪದ ಸದಸ್ಯ: ಮೇಡಂ, ನಮ್ಮ ಅಣ್ಣ ಇದೇ ಫಾರ್ವರ್ಡ್ ತೋರಿಸಿಕೊಂಡು ಓಡಾಡುತ್ತಿದ್ದಾನೆ. ಕನ್ನಡದಲ್ಲೊಂದು ಮಕ್ಕಳ ಫ್ಯಾಂಟಸಿ ಅಂತೆ. ಬಜೆಟ್ 2 ಕೋಟಿ. ಇವನು 40 ಲಕ್ಷ ಹಾಕಬೇಕು, ಲಾಭದಲ್ಲಿ ಶೇ. 20 ಕೊಡುತ್ತಾರಂತೆ. ಅಡಿಕೆ ತೋಟದ ಮೇಲೆ ಸಾಲ ತೆಗೆಯಲು ಹೊರಟಿದ್ದಾನೆ. ಟೀಸರ್ ಚೆನ್ನಾಗಿದೆ.

ಸಿಎ: ಅಣ್ಣನಿಗೆ ಇದನ್ನು ಪೂರ್ತಿ ಓದಿಸಿ.

ಒಂದು ಟಿಕೆಟ್ ತೆಗೆದುಕೊಳ್ಳಿ. ಮಲ್ಟಿಪ್ಲೆಕ್ಸ್‌ನಲ್ಲಿ 236 ರೂಪಾಯಿ ಅನ್ನೋಣ. ಅದರಲ್ಲಿ 36 ರೂಪಾಯಿ ಜಿಎಸ್‌ಟಿ. ಉಳಿದ 200ರಲ್ಲಿ ಮೊದಲ ವಾರ ಸುಮಾರು ಅರ್ಧ ಮಾತ್ರ ಸಿನಿಮಾ ಕಡೆಗೆ. ವಾರ ಕಳೆದ ಹಾಗೆ ಆ ಪಾಲು ಇಳಿಯುತ್ತದೆ. 2009ರಲ್ಲಿ ಹಿಂದಿ ನಿರ್ಮಾಪಕರು ಮತ್ತು ಮಲ್ಟಿಪ್ಲೆಕ್ಸ್‌ನವರ ನಡುವೆ ಜಗಳ ಆಗಿ ಒಪ್ಪಂದವಾಯಿತು. ಅದರಲ್ಲಿ ಮೊದಲ ವಾರ ಶೇ. 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಇಲ್ಲೂ ಲೆಕ್ಕ ಇದೇ ದಾರಿಯಲ್ಲಿ ನಡೆಯುತ್ತದೆ. ಮೊದಲ ವಾರದ 100 ರೂಪಾಯಿಯಲ್ಲಿ ವಿತರಕರ ಕಮಿಷನ್ ಶೇ. 10 ಹಿಡಿದರೆ ಉಳಿಯುವುದು 90. ಅಂದರೆ 236ರಲ್ಲಿ 90.

ಈಗ 2 ಕೋಟಿ ಬಜೆಟ್‌ಗೆ ಪ್ರಚಾರ, ಬಿಡುಗಡೆ ಖರ್ಚು 50 ಲಕ್ಷ ಸೇರಿಸಿ. 2.5 ಕೋಟಿಯನ್ನು 90ರಿಂದ ಭಾಗಿಸಿ. ಸುಮಾರು 2 ಲಕ್ಷ 78 ಸಾವಿರ ಟಿಕೆಟ್ ಮಾರಬೇಕು, ಅದೂ ಎಲ್ಲವೂ ಮೊದಲ ವಾರದ ಪಾಲಿನಲ್ಲೇ. ಅಷ್ಟಾದರೆ ಹಾಕಿದ್ದು ವಾಪಸ್. ಲಾಭ ಇನ್ನೂ ಸೊನ್ನೆ. ಸಿಂಗಲ್ ಸ್ಕ್ರೀನ್‌ನಲ್ಲಿ ಟಿಕೆಟ್ ದರ ಕಡಿಮೆ. ಥಿಯೇಟರ್ ಬಾಡಿಗೆ ಕಟ್ಟಿದರೆ ಜನ ಬಂದರೂ ಬರದಿದ್ದರೂ ಬಾಡಿಗೆ ಕೊಡಲೇಬೇಕು.

ಮಕ್ಕಳ ಸಿನಿಮಾಗೆ ಬೇರೆ ಕಷ್ಟಗಳೂ ಇವೆ. ಜನ ಬರುವುದು ಬೆಳಗಿನ ಆಟ, ಮ್ಯಾಟಿನಿಗೆ. ರಾತ್ರಿ ಆಟ ಖಾಲಿ. ಪರೀಕ್ಷೆ ಸಮಯದಲ್ಲಿ ಬಿಡುಗಡೆ ಮಾಡುವಂತಿಲ್ಲ. ಬೇಸಿಗೆ ರಜೆಯಲ್ಲಿ ಮಾಡಿದರೆ ಐಪಿಎಲ್. ಇನ್ನು ಶೂಟಿಂಗ್. 2017ರ ಬಾಲಕಾರ್ಮಿಕ ನಿಯಮದ ಪ್ರಕಾರ ಮಗು ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ವಿಶ್ರಾಂತಿ ಇಲ್ಲದೆ 3 ಗಂಟೆ ದಾಟುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದುಡಿದ ಹಣದ ಶೇ. 20 ಆದರೂ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಇವೆಲ್ಲ ಇರಲೇಬೇಕಾದ ನಿಯಮಗಳು. ಆದರೆ ಶೂಟಿಂಗ್ ದಿನ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ. ಬಜೆಟ್ ಹಾಳೆಯಲ್ಲಿ ಇದನ್ನು ಹಿಡಿದಿದ್ದಾರಾ ಕೇಳಿ.

ಟೀಸರ್ ನೋಡಿ ಮರುಳಾಗಬೇಡಿ. ಒಂದು ನಿಮಿಷದ ಗ್ರಾಫಿಕ್ಸ್ ಯಾರಾದರೂ ಚೆನ್ನಾಗಿ ಮಾಡಿಸಬಹುದು. ಪೂರ್ತಿ ಸಿನಿಮಾದಲ್ಲಿ ವಿಎಫ್‌ಎಕ್ಸ್ ಶಾಟ್ ಎಷ್ಟು? ಲಿಖಿತ ಕೊಟೇಶನ್ ಇದೆಯಾ? ಶೂಟಿಂಗ್ ಮುಗಿದು ಗ್ರಾಫಿಕ್ಸ್‌ಗೆ ದುಡ್ಡಿಲ್ಲದೆ ನಿಂತ ಸಿನಿಮಾದಿಂದ ಒಂದು ಪೈಸೆ ಬರುವುದಿಲ್ಲ. ತೋಟದ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಅಗ್ರಿಮೆಂಟ್ ಇದ್ದರೆ ಅದರಲ್ಲಿ ಏನಿದೆ ಹೇಳಿ.

ಶಿವಮೊಗ್ಗದ ಸದಸ್ಯ: (ಫಾರ್ವರ್ಡ್) "ಸಿನಿಮಾ ಹೂಡಿಕೆಯ ಸೂತ್ರ: ಬಜೆಟ್ × 2 = ಹಿಟ್, × 3 = ಬ್ಲಾಕ್‌ಬಸ್ಟರ್. ಮೂರು ತಿಂಗಳಲ್ಲಿ ಹಣ ವಾಪಸ್."

ಸಿಎ: ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ. ಈಗಷ್ಟೇ ಒಬ್ಬರು ತೋಟ ಅಡ ಇಡುವ ಮಾತಾಡಿದ್ದಾರೆ, ಓದಿದ್ರಾ? ಗ್ರಾಸ್ ಅಂದರೆ ಪ್ರೇಕ್ಷಕ ಕೊಟ್ಟ ದುಡ್ಡು. ನಿರ್ಮಾಪಕನಿಗೆ ಬರುವುದು ಶೇರ್. ಪೋಸ್ಟರ್‌ನಲ್ಲಿ ಹಾಕುವುದು ಗ್ರಾಸ್. ಅದನ್ನು ಬಜೆಟ್ ಪಕ್ಕ ಇಟ್ಟು ಲಾಭ ಲೆಕ್ಕ ಹಾಕುವ ಸೂತ್ರ ಯಾವುದೇ ಇರಲಿ, ಸುಳ್ಳು.

ಶಿವಮೊಗ್ಗದ ಸದಸ್ಯ: ಬಂದಿದ್ದನ್ನು ಹಾಕಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ರಾಯಚೂರಿನ ಸದಸ್ಯೆ: ಹೂಡಿಕೆಯಲ್ಲಿ ನಷ್ಟ ಆದರೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ತೋರಿಸಬಹುದಾ?

ತುಮಕೂರಿನ ಸದಸ್ಯ: ಕನ್ನಡದಲ್ಲಿ ಮಕ್ಕಳ ಸಿನಿಮಾ ಬರಲ್ಲ ಅಂತೀರಿ. ಬಂದರೆ ಹೀಗೆ ಹೆದರಿಸಿ ಓಡಿಸ್ತೀರಿ.

ಧಾರವಾಡದ ಸದಸ್ಯ: ನೀವು ಕೊನೆಯ ಸಲ ಮಕ್ಕಳನ್ನು ಕರ್ಕೊಂಡು ಕನ್ನಡ ಸಿನಿಮಾಗೆ ಹೋಗಿದ್ದು ಯಾವಾಗ?

ತುಮಕೂರಿನ ಸದಸ್ಯ: ಅದು ನಿಮಗೆ ಬೇಡದ ವಿಷಯ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೈಸೂರಿನ ಸದಸ್ಯೆ: ಕಡಿಮೆ ದುಡ್ಡಿನಲ್ಲಿ ತೆಗೆದು ಗೆದ್ದದ್ದು ಇಲ್ಲವೇ ಇಲ್ವಾ?

ಸಿಎ: ಇದೆ. ಅದೇ 2007ರಲ್ಲಿ ‘ಬ್ರಿಡ್ಜ್ ಟು ಟೆರಾಬಿಥಿಯಾ’ ಬಂತು. ಖರ್ಚು 2ರಿಂದ 2.5 ಕೋಟಿ ಡಾಲರ್. ಅಮೆರಿಕದಲ್ಲೇ 8 ಕೋಟಿ ದಾಟಿತು, ಗೋಲ್ಡನ್ ಕಂಪಾಸ್‌ಗಿಂತ ಜಾಸ್ತಿ. ಒಟ್ಟು 13.7 ಕೋಟಿ. ಇಬ್ಬರು ಮಕ್ಕಳ ಸ್ನೇಹದ ಕಥೆ, ಮಾಯಾಲೋಕ ಕಾಣುವುದು ಅಲ್ಲಲ್ಲಿ ಮಾತ್ರ. ಗ್ರಾಫಿಕ್ಸ್ ಎಷ್ಟು ಬೇಕೋ ಅಷ್ಟೇ. ಫ್ಯಾಂಟಸಿ ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ತೆಗೆಯಲಿ, ಕನ್ನಡದ ಮಕ್ಕಳಿಗೆ ಬೇಕು. ತೋಟ ಅಡ ಇಟ್ಟ ದುಡ್ಡಿನಲ್ಲಿ ಬೇಡ.

ಬಳ್ಳಾರಿಯ ಸದಸ್ಯ: ಹಾಗಾದ್ರೆ ಗೋಲ್ಡನ್ ಕಂಪಾಸ್ ಫ್ಲಾಪ್ ಅಂತಾನೇ?

ಸಿಎ: ಮೇಲಿಂದ ಓದಿ.

ಬೆಳಗಾವಿಯ ಸದಸ್ಯೆ: ಓಟಿಟಿ ಹಕ್ಕಿನ ದುಡ್ಡು ಈಗ ಎಷ್ಟು ಬರುತ್ತೆ?

ಕೊಪ್ಪದ ಸದಸ್ಯ: ಅಗ್ರಿಮೆಂಟ್ ಫೋಟೋ ಸಿಕ್ಕಿತು. ಹೀಗಿದೆ: "ಎಲ್ಲಾ ಖರ್ಚು ಕಳೆದ ನಂತರದ ನಿವ್ವಳ ಲಾಭದಲ್ಲಿ ಶೇ. 20. ಖರ್ಚಿನ ವಿಷಯದಲ್ಲಿ ನಿರ್ಮಾಪಕರ ಲೆಕ್ಕವೇ ಅಂತಿಮ." ನಾಳೆ ಸಹಿ ಅಂತೆ.

ಸಿಎ: ಸಹಿ ಹಾಕಿಸಬೇಡಿ. ಬೆಳಗಾವಿಯವರಿಗೆ ಹೇಳಿದ ಫೀನಿಕ್ಸ್ ಲೆಕ್ಕ ಇದೇ. ಅಲ್ಲಿ ಹಾಳೆಯಾದರೂ ಹೊರಗೆ ಬಂತು. ಇಲ್ಲಿ ಅಗ್ರಿಮೆಂಟಿನ ಎರಡನೇ ಸಾಲು, ಲೆಕ್ಕ ಕೇಳುವ ಹಕ್ಕನ್ನೇ ಕಿತ್ತುಕೊಂಡಿದೆ.

ಅಣ್ಣ ಹಾಕಲೇಬೇಕು ಅಂದರೆ ಸಾಲ ಮಾಡದೆ, ಹೋದರೂ ತಡೆದುಕೊಳ್ಳುವಷ್ಟೇ ಹಾಕಲಿ. ಕಾಗದ ಹೊಸದಾಗಿ ಬರೆಸಿ. ಸಿನಿಮಾಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಥಿಯೇಟರ್, ಆಡಿಯೋ, ಸ್ಯಾಟಲೈಟ್, ಓಟಿಟಿ, ಡಬ್ಬಿಂಗ್, ಯಾವ ಹಕ್ಕಿನ ದುಡ್ಡು ಬಂದರೂ ಅದೇ ಖಾತೆಗೆ ಬೀಳಬೇಕು. ಯಾವ ಹಕ್ಕನ್ನಾದರೂ ಈಗಾಗಲೇ ಮಾರಿದ್ದಾರಾ, ಬಿಕೆಟಿ (ಬೆಂಗಳೂರು, ಕೋಲಾರ, ತುಮಕೂರು) ವಿತರಣೆ ಏರಿಯಾಗೆ ಯಾರಿಂದಲಾದರೂ ಅಡ್ವಾನ್ಸ್ ತೆಗೆದುಕೊಂಡಿದ್ದಾರಾ, ಬರಹದಲ್ಲಿ ಕೇಳಿ. ಹೂಡಿದ ಅಸಲು ಮೊದಲು ವಾಪಸ್, ಲಾಭದ ಮಾತು ಆಮೇಲೆ. ಡಿಸಿಆರ್ ಪ್ರತಿ ನೋಡುವ ಹಕ್ಕು ಬೇಕು. ಅದು ಥಿಯೇಟರ್ ದಿನಾ ಕಳಿಸುವ ಕಲೆಕ್ಷನ್ ಹಾಳೆ. ಬಾಲ್ಕನಿ ಎಷ್ಟು, ಕೆಳಗೆ ಎಷ್ಟು, ಆಟಕ್ಕೆಷ್ಟು ಟಿಕೆಟ್, ತೆರಿಗೆ ಎಷ್ಟು, ಬಾಡಿಗೆ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಅದನ್ನು ತೋರಿಸಲು ಒಪ್ಪದವರಿಗೆ ದುಡ್ಡು ಕೊಡಬೇಡಿ.

ಕೊಪ್ಪದ ಸದಸ್ಯ: ಇದನ್ನೆಲ್ಲ ಕೇಳಿದರೆ ಬೇರೆಯವರು ರೆಡಿ ಇದ್ದಾರೆ, ನೀವು ಬೇಡ ಅಂತಾರಂತೆ.

ಸಿಎ: ಬೇರೆಯವರೇ ಹಾಕಲಿ. ನಾಳೆ ಬೆಳಿಗ್ಗೆಗೆ ಮುಂಚೆ ಅಣ್ಣನನ್ನು ನನಗೆ ಫೋನ್ ಮಾಡಲು ಹೇಳಿ, ನಂಬರ್ ಅಡ್ಮಿನ್ ಕೊಡುತ್ತಾರೆ.