ಮೈಸೂರಿನಿಂದ ಒಂದೇ ದಿನದ ಮಡಿಕೇರಿ ಟೂರ್: ಒಂಬತ್ತು ಜಾಗದ ಪ್ಯಾಕೇಜ್ ನಂಬಬಹುದಾ?

ಮೈಸೂರು_ಮಲ್ಲಿಗೆ ಕೇಳಿದ್ದು:

ನವೆಂಬರ್ ಮೊದಲ ಶನಿವಾರ 12 ಜನ ಹೊರಡುತ್ತಿದ್ದೇವೆ. ಮೂವರಿಗೆ 70 ದಾಟಿದೆ, ಇಬ್ಬರು ಚಿಕ್ಕ ಮಕ್ಕಳು. ಏಜೆಂಟ್ ಕೊಟ್ಟಿರುವ ಪಟ್ಟಿ ಹೀಗಿದೆ: ಬೆಳಿಗ್ಗೆ 6ಕ್ಕೆ ಮೈಸೂರು ಬಿಡುವುದು, ಬೈಲಕುಪ್ಪೆ ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆ, ಅಬ್ಬಿ ಫಾಲ್ಸ್, ರಾಜರ ಗದ್ದುಗೆ, ಕೋಟೆ, ಓಂಕಾರೇಶ್ವರ, ತಲಕಾವೇರಿ, ಕೊನೆಗೆ ರಾಜಾಸೀಟ್. ರಾತ್ರಿ 9ಕ್ಕೆ ಮನೆ. 12+1 ಟಿಟಿ (ಟೆಂಪೋ ಟ್ರಾವೆಲರ್), ಜೊತೆಗೆ ಗೈಡ್ ಅಂತೆ. ಇದು ಆಗುವ ಮಾತಾ? ಆಗದಿದ್ದರೆ ಯಾವುದನ್ನು ಕೈಬಿಡಬೇಕು? ದುಡ್ಡು ಕಟ್ಟುವ ಮೊದಲು ಏಜೆಂಟ್ ಹತ್ತಿರ ಏನೇನು ಕೇಳಿಕೊಳ್ಳಬೇಕು?

ಕುಶಾಲನಗರ_ಸ್ಟ್ಯಾಂಡ್:

ಆಗುವುದಿಲ್ಲ ಮೇಡಂ. ಪಟ್ಟಿ ಓದುವುದಕ್ಕೆ ಚೆಂದ, ಗಡಿಯಾರ ಇಟ್ಟು ನೋಡಿದರೆ ಕೂಡಿಬರಲ್ಲ.

ಮೈಸೂರಿನಿಂದ ಮಡಿಕೇರಿ ಹತ್ತಿರ ಹತ್ತಿರ 120 ಕಿ.ಮೀ. ಟಿಟಿಗೆ ಬರೀ ಓಡಾಟಕ್ಕೇ ಮೂರು ತಾಸು, ತಿಂಡಿಗೆ ಅರ್ಧ ತಾಸು ಬೇರೆ. ಮಡಿಕೇರಿಯಿಂದ ತಲಕಾವೇರಿ ಸುಮಾರು 45 ಕಿ.ಮೀ. ದೂರ ಕಡಿಮೆ ಅನ್ನಿಸುತ್ತದೆ, ಆದರೆ ಬೆಟ್ಟಗೇರಿ, ಚೇರಂಬಾಣೆ ಮೇಲೆ ಹೋಗುವ ಆ ದಾರಿ ಪೂರ್ತಿ ತಿರುವು. ಹೋಗೋಕೆ ಒಂದೂವರೆ ತಾಸು, ಬರೋಕೆ ಒಂದೂವರೆ ತಾಸು, ಅಲ್ಲಿ ಒಂದು ತಾಸು. ಅದೊಂದೇ ಜಾಗ ನಾಲ್ಕು ತಾಸು ತಿಂದುಬಿಡುತ್ತದೆ. ತಲಕಾವೇರಿ ಮೊದಲು ತೆಗೆಯಿರಿ. ಅದನ್ನು ನೋಡಲೇಬೇಕು ಅಂದರೆ ಬೇರೆಲ್ಲ ಬಿಟ್ಟು ಅದೊಂದನ್ನೇ ಇಟ್ಟುಕೊಳ್ಳಿ.

ಎರಡನೆಯದು, ದುಬಾರೆ ಬೆಳಗಿನ ಜಾಗ. ಆನೆಗಳನ್ನು ಹೊಳೆಗೆ ಇಳಿಸಿ ಮೈ ಉಜ್ಜುವುದು ಬೆಳಿಗ್ಗೆ 9ರಿಂದ 11ರೊಳಗೆ. ಮೊದಲು ಗೋಲ್ಡನ್ ಟೆಂಪಲ್, ಆಮೇಲೆ ನಿಸರ್ಗಧಾಮ ಮುಗಿಸಿ ಹೋದರೆ 12 ಆಗಿರುತ್ತದೆ. ಆಗ ನೋಡಲು ಸಿಗುವುದು ಹೊಳೆಯ ಕಲ್ಲು, ಟಿಕೆಟ್ ಕೌಂಟರ್, ವಾಪಸ್ ಬರುವ ಬೋಟಿನ ಕ್ಯೂ. ಆದ್ದರಿಂದ ಹೋಗುವಾಗ ಎಲ್ಲೂ ನಿಲ್ಲಬೇಡಿ. ತಿಂಡಿ ಹುಣಸೂರು ಅಥವಾ ಪಿರಿಯಾಪಟ್ಟಣದಲ್ಲಿ ಮುಗಿಸಿ, ಕುಶಾಲನಗರ ದಾಟಿ ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಿ, ನಂಜರಾಯಪಟ್ಟಣ ಮೇಲೆ ಸೀದಾ ದುಬಾರೆ. 6ಕ್ಕೆ ಸರಿಯಾಗಿ ಬಿಟ್ಟರೆ 9.15ರ ಆಸುಪಾಸು ದಡದಲ್ಲಿರುತ್ತೀರಿ. ಕ್ಯಾಂಪ್ ಇರುವುದು ಆಚೆ ದಡದಲ್ಲಿ, ಬೋಟಿನಲ್ಲಿ ದಾಟಬೇಕು. ಮಳೆಗಾಲದಲ್ಲಿ ಕಾವೇರಿ ಏರಿದರೆ ಬೋಟ್ ನಿಲ್ಲಿಸಿಬಿಡುತ್ತಾರೆ. ನವೆಂಬರಿನಲ್ಲಿ ಸಾಮಾನ್ಯವಾಗಿ ಆ ತೊಂದರೆ ಇರಲ್ಲ, ಆದರೂ ವಾರದಲ್ಲಿ ಜೋರು ಮಳೆ ಬಂದಿದ್ದರೆ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ದಸರಾಕ್ಕೆ ಮೈಸೂರಿಗೆ ಹೋಗಿದ್ದ ಆನೆಗಳೂ ಅಷ್ಟರಲ್ಲಿ ವಾಪಸ್ ಬಂದಿರುತ್ತವೆ.

10.45ಕ್ಕೆ ಅಲ್ಲಿಂದ ಹೊರಟರೆ 12ಕ್ಕೆ ಮಡಿಕೇರಿ. ಊಟ. 1 ಗಂಟೆಗೆ ಅಬ್ಬಿ, 3ಕ್ಕೆ ಊರಿಗೆ ವಾಪಸ್, ಕೋಟೆ ನೋಡಿ 4.30ಕ್ಕೆ ರಾಜಾಸೀಟ್. ನವೆಂಬರಿನಲ್ಲಿ 6ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದಾದ ತಕ್ಷಣ ಗಾಡಿ ಬಿಟ್ಟರೆ 9.30ಕ್ಕೆ ಮೈಸೂರು. ಇಷ್ಟೇ ಒಂದು ದಿನಕ್ಕೆ ಹಿಡಿಸುವುದು.

ಗೋಲ್ಡನ್ ಟೆಂಪಲ್ ಬೇಕೇಬೇಕು ಅಂದರೆ ದುಬಾರೆ ಬಿಡಿ. ಅದು ಇರುವುದು ಕೊಪ್ಪ ಗೇಟಿನಿಂದ ಒಳಗೆ, ಹೊಳೆಯ ಈಚೆ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಅಂದರೆ ಅದು ಕೊಡಗೇ ಅಲ್ಲ. ಮೈಸೂರಿನವರಿಗೆ ಇನ್ನೊಂದು ಅರ್ಧ ದಿನದಲ್ಲಿ ಮುಗಿಯುವ ಜಾಗ ಅದು, ಮಡಿಕೇರಿ ದಿನದಲ್ಲಿ ತುರುಕುವುದು ಯಾಕೆ?

ಗದ್ದುಗೆ_ರಸ್ತೆ:

ಮೇಲಿನವರ ಲೆಕ್ಕ ಸರಿ. ಒಂದು ತಿದ್ದುಪಡಿ ಮಾತ್ರ. ಶನಿವಾರ, ಭಾನುವಾರ ಅಬ್ಬಿಗೆ 1 ಗಂಟೆಗೆ ಹೋಗಬೇಡಿ. ಊರಿನಿಂದ 8 ಕಿ.ಮೀ. ಅಷ್ಟೇ, ಆದರೆ ರಸ್ತೆ ಕಿರಿದು. ಎದುರಿನಿಂದ ಒಂದು ದೊಡ್ಡ ಬಸ್ ಬಂದರೆ ಎರಡೂ ಕಡೆ ಗಾಡಿಗಳ ಸಾಲು ನಿಂತುಬಿಡುತ್ತದೆ. ಊಟಕ್ಕೆ ಮುಂಚೆ, 12ಕ್ಕೆ ನೇರ ಅಲ್ಲಿಗೇ ಹೋಗಿ. ಎಲ್ಲರೂ ಊಟಕ್ಕೆ ಕೂತಿರುವ ಹೊತ್ತು ಅದು. ಮಕ್ಕಳಿಗೆ ದುಬಾರೆ ಬಿಡುವಾಗಲೇ ಏನಾದರೂ ತಿನ್ನಿಸಿರಿ.

ಅಂದಹಾಗೆ ಕೊಡವ ಮಾತಿನಲ್ಲಿ ಅಬ್ಬಿ ಅಂದರೇ ಜಲಪಾತ. ‘ಅಬ್ಬಿ ಫಾಲ್ಸ್’ ಅನ್ನುವುದು ‘ಗೇಟ್ ಬಾಗಿಲು’ ಅಂದ ಹಾಗೆ. ಬೋರ್ಡಿನಲ್ಲೇ ಹಾಗಿದೆ, ಬಿಡಿ.

ಅಲ್ಲಿ ಪಾರ್ಕಿಂಗ್‌ನಿಂದ ಕಾಫಿ, ಏಲಕ್ಕಿ ತೋಟದ ನಡುವೆ ಮೆಟ್ಟಿಲು ಇಳಿಯಬೇಕು. ಇಳಿಯುವುದು ಸುಲಭ, ಕಷ್ಟ ವಾಪಸ್ ಹತ್ತುವಾಗ. ಮೊಣಕಾಲು ನೋವಿರುವ ಹಿರಿಯರನ್ನು ‘ಇಲ್ಲೇ ಹತ್ತಿರ’ ಅಂತ ಕರೆದೊಯ್ಯಬೇಡಿ. ಅವರನ್ನು ಕೋಟೆಯ ಹತ್ತಿರ ಇಳಿಸಿ, ಜೊತೆಗೆ ಒಬ್ಬರನ್ನು ಬಿಟ್ಟು ಹೋಗಿ. ನೀರಿಗೆ ಇಳಿಯಲು ಯಾರಿಗೂ ಬಿಡುವುದಿಲ್ಲ, ಬಂಡೆ ಪಾಚಿ ಕಟ್ಟಿ ಜಾರುತ್ತದೆ. ನವೆಂಬರಿನಲ್ಲಿ ನೀರು ಚೆನ್ನಾಗಿಯೇ ಇರುತ್ತದೆ. ಇದೇ ಪ್ಯಾಕೇಜನ್ನು ಮಾರ್ಚ್, ಏಪ್ರಿಲ್‌ನಲ್ಲಿ ತೆಗೆದುಕೊಂಡವರು ನೋಡುವುದು ಬಂಡೆಯ ಮೇಲಿನ ನಾಲ್ಕು ಎಳೆ ನೀರು.

ಓಂಕಾರೇಶ್ವರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. 3ಕ್ಕೆ ಹೋದರೆ ಹೊರಗಿನಿಂದ ಗುಮ್ಮಟ, ಕೊಳದ ನಡುವಿನ ಮಂಟಪ ನೋಡಿ ಬರಬೇಕು. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು, ದೇವಸ್ಥಾನದ ಮೇಲೆ ಮಸೀದಿಯ ಥರ ಗುಮ್ಮಟ. ದರ್ಶನವೇ ಬೇಕು ಅಂದರೆ ಸಂಜೆ ರಾಜಾಸೀಟಿನ ಹೊತ್ತಿಗೆ ಅಡ್ಡ ಬರುತ್ತದೆ. ಎರಡರಲ್ಲಿ ಒಂದು.

ಗೈಡ್ ವಿಷಯ. ನೀವು 12 ಜನ, ಗಾಡಿ 12+1. ಆ ‘+1’ ಡ್ರೈವರ್. ಗೈಡ್ ಎಲ್ಲಿ ಕೂರುತ್ತಾನೆ? ಅಲ್ಲೇ ಗೊತ್ತಾಗಲಿಲ್ಲವೇ, ಡ್ರೈವರನ್ನೇ ಗೈಡ್ ಅಂತಿದ್ದಾರೆ. ನಿಜವಾಗಿ ಗೈಡ್ ಬೇಕಾಗುವುದು ಕೋಟೆಯಲ್ಲಿ, ಉಳಿದ ಕಡೆ ಬೇಡ. 1681ರಲ್ಲಿ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆ, ಟಿಪ್ಪು ಅದನ್ನು ಕಲ್ಲಿನದ್ದು ಮಾಡಿ ಜಾಫರಾಬಾದ್ ಅಂತ ಕರೆದದ್ದು, ಆಮೇಲೆ 1812ರಿಂದ 14ರಲ್ಲಿ ಲಿಂಗರಾಜೇಂದ್ರನ ಅರಮನೆ, ಬ್ರಿಟಿಷರ ಕಾಲದ ಚರ್ಚಿನಲ್ಲಿ ಈಗಿನ ಮ್ಯೂಸಿಯಂ. ಇದನ್ನು ಹೇಳುವವರಿಲ್ಲದಿದ್ದರೆ ಜನ ಗಾರೆಯ ಎರಡು ಆನೆಗಳ ಮುಂದೆ ಫೋಟೋ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ.

ಕುಶಾಲನಗರ_ಸ್ಟ್ಯಾಂಡ್:

ಅಬ್ಬಿಗೆ 12ಕ್ಕೆ ಅನ್ನುವುದು ಒಪ್ಪುತ್ತೇನೆ.

ಏಜೆಂಟ್ ಹತ್ತಿರ ಕೇಳಬೇಕಾದ್ದನ್ನು ವಾಟ್ಸಾಪಿನಲ್ಲೇ ಕೇಳಿ, ಉತ್ತರ ಬರಹದಲ್ಲಿ ಉಳಿಯಲಿ. ಗಾಡಿ ಹಳದಿ ಬೋರ್ಡಾ? ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸಿ ಏನಾದರೂ ಆದರೆ ಇನ್ಶೂರೆನ್ಸ್ ಕ್ಲೇಮ್ ತಕರಾರಾಗುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಿ.ಮೀ. ಮಿತಿ ಎಷ್ಟು? ನಿಮ್ಮ ದಿನಕ್ಕೆ ಹೋಗಿ ಬರುವುದು, ದುಬಾರೆ ಸುತ್ತು, ಅಬ್ಬಿ ಎಲ್ಲ ಸೇರಿ 300 ಹತ್ತಿರ ಬರುತ್ತದೆ. 250ರ ಪ್ಯಾಕೇಜ್ ಕೊಟ್ಟು ಉಳಿದದ್ದಕ್ಕೆ ಕಿ.ಮೀ. ಲೆಕ್ಕದಲ್ಲಿ ಹಾಕಿದರೆ ಅಗ್ಗದ ರೇಟು ಅಗ್ಗವಾಗಿ ಉಳಿಯಲ್ಲ. ಡ್ರೈವರ್ ಬಾಟಾ, ಪಾರ್ಕಿಂಗ್, ಎಂಟ್ರಿ ಟಿಕೆಟ್, ದುಬಾರೆ ಬೋಟ್, ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಇಲ್ಲ ಅಂತ ಒಂದೊಂದಾಗಿ ಹೆಸರು ಹಿಡಿದು ಕೇಳಿ. ‘ಎಲ್ಲಾ ಇನ್‌ಕ್ಲೂಡೆಡ್’ ಅನ್ನುವ ಉತ್ತರಕ್ಕೆ ಅರ್ಥವಿಲ್ಲ.

ಬೆಟ್ಟದ ಮೇಲಿನ ವ್ಯೂಪಾಯಿಂಟ್ ಮಾಂದಲಪಟ್ಟಿ ಸೇರಿಸಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಲ್ಲಿಗೆ ಟಿಟಿ ಹೋಗಲ್ಲ, ಜೀಪ್ ಬೇರೆ ಮಾಡಬೇಕು. ಕೊನೆಯ ದಾರಿ ಕಲ್ಲು, ಗುಂಡಿ. ಎದುರುಬದುರು ಬೆಂಚಿನಲ್ಲಿ ಕೂತವರ ತಲೆ ಟಾಪಿಗೆ ಬಡಿಯುತ್ತದೆ. ಬೆನ್ನು ನೋವಿರುವವರಿಗೆ, 70 ದಾಟಿದವರಿಗೆ ಅದು ಅಲ್ಲವೇ ಅಲ್ಲ.

ಮೈಸೂರು_ಮಲ್ಲಿಗೆ:

ತುಂಬಾ ಉಪಕಾರವಾಯಿತು. ಸೀಟಿನ ಲೆಕ್ಕ ನಮಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಮಕ್ಕಳಿಗೆ, ಅತ್ತೆಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಏನು ಮಾಡೋದು? ಮತ್ತೆ ಹಿರಿಯರು ‘ಅಷ್ಟು ದೂರ ಹೋಗಿ ತಲಕಾವೇರಿ ಬಿಟ್ಟು ಬರೋದಾ’ ಅಂತಿದ್ದಾರೆ.

ಗದ್ದುಗೆ_ರಸ್ತೆ:

ವಾಂತಿ ಮೊದಲು. ಮೈಸೂರು ಕಡೆಯಿಂದ ಬಂದರೆ ನಿಜ ಹೇಳಬೇಕೆಂದರೆ ಘಾಟಿಯೇ ಇಲ್ಲ. ಘಾಟಿ ಇರುವುದು ಆಚೆ, ಸಂಪಾಜೆ ಕಡೆ. ಕುಶಾಲನಗರದವರೆಗೆ ರಸ್ತೆ ಹೆಚ್ಚುಕಡಿಮೆ ನೇರ. ಆನೆಕಾಡು, ಸುಂಟಿಕೊಪ್ಪ ದಾಟಿದ ಮೇಲೆ ತಿರುವು ಶುರು. ಮಾತ್ರೆ ಕೊಡುವುದಾದರೆ ತಿರುವಿಗೆ ಅರ್ಧದಿಂದ ಒಂದು ತಾಸು ಮುಂಚೆ ಹೊಟ್ಟೆಗೆ ಹೋಗಿರಬೇಕು, ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಇವು ನಿದ್ದೆ ಬರಿಸುತ್ತವೆ. ಬಿಪಿ, ಪ್ರಾಸ್ಟೇಟ್, ಕಣ್ಣಿನ ಒತ್ತಡಕ್ಕೆ ಔಷಧಿ ತೆಗೆದುಕೊಳ್ಳುವ ಹಿರಿಯರಿಗೆ, ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಮಾತ್ರೆಗಿಂತ ಸೀಟು ಮುಖ್ಯ. ಟಿಟಿಯ ಕೊನೆಯ ಸಾಲು ಹಿಂದಿನ ಚಕ್ರದಿಂದಲೂ ಹಿಂದೆ ಇರುತ್ತದೆ. ಡ್ರೈವರ್ ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಹಿಂದೆ ಕೂತವರು ಬಾಲದ ಹಾಗೆ ಬೀಸಿಹೋಗುತ್ತಾರೆ. ವಾಂತಿ ಬರುವವರನ್ನು ಡ್ರೈವರ್ ಹಿಂದಿನ ಸಾಲಿನಲ್ಲಿ, ಮುಂದಿನ ಗಾಜಿನಿಂದ ರಸ್ತೆ ಕಾಣುವ ಹಾಗೆ ಕೂರಿಸಿ. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ. ಪೂರಿ, ಮಸಾಲೆ ದೋಸೆ ಬೇಡ, ಎರಡು ಇಡ್ಲಿ ಸಾಕು. ಹೊಟ್ಟೆ ಖಾಲಿ ಬಿಟ್ಟರೂ ವಾಂತಿ ಬರುತ್ತದೆ.

ತಲಕಾವೇರಿ ಪ್ರಶ್ನೆ ಭಾಗಮಂಡಲ ಕಡೆಯವರಿಗೆ ಬಿಡುತ್ತೇನೆ.

ಸಂಗಮದ_ದಡ:

ಹಿರಿಯರಿಗೆ ತಲಕಾವೇರಿ ಬೇಕು ಅಂದರೆ ದುಬಾರೆ, ಅಬ್ಬಿ ಎರಡೂ ಬಿಡಿ, ದಿನ ಸಲೀಸಾಗುತ್ತದೆ. 6ಕ್ಕೆ ಹೊರಟು, ತಿಂಡಿ ಮುಗಿಸಿ 9.30ಕ್ಕೆ ಮಡಿಕೇರಿ ದಾಟಿ. 10.45ಕ್ಕೆ ಭಾಗಮಂಡಲ. ಪದ್ಧತಿ ಪ್ರಕಾರ ಮೊದಲು ತ್ರಿವೇಣಿ ಸಂಗಮದಲ್ಲಿ ಸ್ನಾನ ಅಥವಾ ಕಾಲು ತೊಳೆದು, ಭಗಂಡೇಶ್ವರನ ದರ್ಶನ ಮಾಡಿ, ಆಮೇಲೆ ಮೇಲಕ್ಕೆ. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ. ಸುಜ್ಯೋತಿ ಗುಪ್ತಗಾಮಿನಿ, ‘ಮೂರನೆಯದೆಲ್ಲಿ’ ಅಂತ ಹುಡುಕಬೇಡಿ. ಅಲ್ಲಿಂದ ಮೇಲಕ್ಕೆ ಸುಮಾರು 8 ಕಿ.ಮೀ.

ತಲಕಾವೇರಿಯಲ್ಲಿ ಗಾಡಿ ದ್ವಾರದ ಕೆಳಗಿನವರೆಗೆ ಬರುತ್ತದೆ, ಆಮೇಲೆ ಮೆಟ್ಟಿಲು. ಚಪ್ಪಲಿ ಬಿಟ್ಟು ಹತ್ತಬೇಕು. ಮಂಜು ಕವಿದ ದಿನ ಕಲ್ಲು ಒದ್ದೆಯಾಗಿರುತ್ತದೆ, ಸಾಕ್ಸ್ ಹಾಕಿಕೊಂಡರೆ ಜಾರುತ್ತದೆ, ಬರಿಗಾಲೇ ವಾಸಿ. ಹಿರಿಯರು ಪಕ್ಕದ ಕಂಬಿ ಹಿಡಿದು ನಿಧಾನಕ್ಕೆ ಹತ್ತಲಿ. ಕಾವೇರಿ ಹುಟ್ಟುವ ಕುಂಡಿಕೆ ಅಂದರೆ ಕೊಳದ ತಲೆಯ ಹತ್ತಿರದ ಆ ಸಣ್ಣ ಚೌಕ. ದೊಡ್ಡ ಕೊಳವನ್ನೇ ಕುಂಡಿಕೆ ಅಂದುಕೊಂಡು ಕೈಮುಗಿದು ಹೋಗುವವರು ಬಹಳ. ತೀರ್ಥಕ್ಕೆ ಬಿಗಿ ಮುಚ್ಚಳದ ಸಣ್ಣ ಬಾಟಲಿ ಮನೆಯಿಂದಲೇ ತನ್ನಿ.

ಬ್ರಹ್ಮಗಿರಿ ಬೆಟ್ಟದ ಮೆಟ್ಟಿಲನ್ನು ಪ್ಯಾಕೇಜಿನಲ್ಲಿ ಬರೆದಿದ್ದರೆ ನಂಬಬೇಡಿ. 2020ರ ಆಗಸ್ಟಿನಲ್ಲಿ ಆ ಬೆಟ್ಟ ಕುಸಿದು ಅರ್ಚಕರ ಮನೆಗಳೇ ಹೋದವು. ಬಿಡುತ್ತಾರೋ ಇಲ್ಲವೋ ಅಂತ ದೇವಸ್ಥಾನದ ಕಚೇರಿಯಲ್ಲೇ ಕೇಳಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಜಾತ್ರೆ ಮುಗಿದ ಮೇಲೆ ಬರುತ್ತಿದ್ದೀರಿ, ಆದರೂ ಆ ಒಂದು ತಿಂಗಳು ಜನ ಇದ್ದೇ ಇರುತ್ತಾರೆ. ಭಾಗಮಂಡಲ ದಾಟಿದರೆ ಸಿಗ್ನಲ್ ಕೈಕೊಡುತ್ತದೆ, ಫೋನ್‌ಪೇ ನಂಬಿಕೊಂಡು ಬರಬೇಡಿ, ಚಿಲ್ಲರೆ ಇರಲಿ. ಸ್ವೆಟರ್ ಡಿಕ್ಕಿಯಲ್ಲಿ ಹಾಕಬೇಡಿ, ಕೈಯಲ್ಲಿ ಇಟ್ಟುಕೊಳ್ಳಿ.

1 ಗಂಟೆಗೆ ಕೆಳಗಿಳಿದು ಊಟ, 3.30ಕ್ಕೆ ಮಡಿಕೇರಿ, ಕೋಟೆ ಅಥವಾ ಸೀದಾ ರಾಜಾಸೀಟ್. ಅದು ನೀವು ಹೋಗುವ ದಾರಿಯಲ್ಲೇ.

ಕಾಫಿ_ಕಣ:

ಒಂದು ವಿಷಯ ಯಾರೂ ಬರೆದಿಲ್ಲ. ಊಟ ಆದ ಮೇಲೆ ಡ್ರೈವರ್ ‘ಇಲ್ಲಿ ಒರಿಜಿನಲ್ ಸ್ಪೈಸಸ್ ಸಿಗುತ್ತೆ’ ಅಂತ ಒಂದು ಅಂಗಡಿ ಮುಂದೆ ನಿಲ್ಲಿಸುತ್ತಾನೆ. ಕಮಿಷನ್ ಇರುತ್ತದೆ, ಅದು ಅವನ ಹೊಟ್ಟೆಪಾಡು. ಹೋಗುವ ನಲವತ್ತು ನಿಮಿಷ ಮಾತ್ರ ನಿಮ್ಮದು. ಬೇಡದಿದ್ದರೆ ಹೊರಡುವ ಮೊದಲೇ ಹೇಳಿಬಿಡಿ.

ಕೊಳ್ಳುವುದಾದರೆ ಕಾಳುಮೆಣಸನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಗಟ್ಟಿ ಕಾಳು ಮುಳುಗುತ್ತದೆ, ಜೊಳ್ಳು ಕಾಳು, ಬೆರೆಸಿದ ಪಪ್ಪಾಯಿ ಬೀಜ ತೇಲುತ್ತದೆ. ಜೇನಿಗೆ ಈ ಥರದ ಮನೆ ಪರೀಕ್ಷೆ ಯಾವುದೂ ನಂಬಿಕೆಗೆ ಯೋಗ್ಯವಲ್ಲ. ನೀರಿನಲ್ಲಿ ಕರಗಲಿಲ್ಲ, ಬತ್ತಿಗೆ ಬೆಂಕಿ ಹತ್ತಿತು ಅಂತ ತೋರಿಸುವುದೆಲ್ಲ ಆಟ, ಸಕ್ಕರೆ ಪಾಕವೂ ಅದನ್ನೇ ಮಾಡುತ್ತದೆ. ಜೇನು ಸಹಕಾರ ಸಂಘದ ಮಳಿಗೆಯಲ್ಲಿ ತೆಗೆದುಕೊಳ್ಳಿ, ಭಾಗಮಂಡಲದಲ್ಲೂ ಇದೆ. ಕಾಫಿಪುಡಿ ಪ್ಯಾಕೆಟ್ಟಿನ ಮೇಲೆ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರಬೇಕು, ಬರೆಯದ್ದನ್ನು ಮುಟ್ಟಬೇಡಿ. ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿ ರಸ) ಕಪ್ಪಗೆ, ಜೇನಿನ ಹಾಗೆ ಮಂದವಾಗಿರಬೇಕು. ಬಾಟಲಿ ಓರೆ ಮಾಡಿದರೆ ನೀರಿನ ಹಾಗೆ ಓಡುವುದು ಬೇಡ.

ನವೆಂಬರ್ ಮೊದಲ ವಾರ ರಸ್ತೆ ಬದಿ ‘ಕೊಡಗಿನ ಕಿತ್ತಳೆ’ ಅಂತ ಕೂಗುವವರ ಹಣ್ಣು ಬಹುಪಾಲು ಹೊರಗಿನದು. ನಮ್ಮದರ ಮುಖ್ಯ ಬೆಳೆ ಡಿಸೆಂಬರಿನಿಂದ. ಸಿಪ್ಪೆ ಬಿಗಿ, ಬಣ್ಣ ಹಸಿರು ಮಿಶ್ರಿತ ಹಳದಿ. ಹೋಟೆಲಿನಲ್ಲಿ ಕಣಿಲೆ (ಎಳೆ ಬಿದಿರು) ಕೇಳಿದರೂ ಹಾಗೇ, ಅದು ಮಳೆಗಾಲದ್ದು, ಈಗ ಕೊಡುವುದು ಉಪ್ಪಿನಲ್ಲಿಟ್ಟದ್ದು. ಸಸ್ಯಾಹಾರಿ ಹಿರಿಯರಿಗೆ ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ರೊಟ್ಟಿ ಹೇಳಿ.

ಮೈಸೂರು_ಮಲ್ಲಿಗೆ:

ಹಿರಿಯರದ್ದೇ ಗೆದ್ದಿತು, ತಲಕಾವೇರಿ ದಿನ. ದುಬಾರೆ ಮಕ್ಕಳ ರಜೆಗೆ ಇಟ್ಟುಕೊಂಡೆವು. ಏಜೆಂಟಿಗೆ 17 ಸೀಟಿನ ಗಾಡಿ ಕೇಳಿದ್ದೇವೆ. ರಾತ್ರಿ ವಾಪಸ್ ಬರುವಾಗ ಆನೆಕಾಡಿನಲ್ಲಿ ಭಯ ಏನಾದರೂ?

ಕುಶಾಲನಗರ_ಸ್ಟ್ಯಾಂಡ್:

ಹೈವೇ ರಾತ್ರಿಯೂ ತೆರೆದಿರುತ್ತದೆ. ಆ ಕಾಡಿನೊಳಗೆ ಮೂತ್ರಕ್ಕೆ, ಫೋಟೋಗೆ ಗಾಡಿ ನಿಲ್ಲಿಸಬೇಡಿ, ಸುಂಟಿಕೊಪ್ಪದಲ್ಲೇ ಎಲ್ಲ ಮುಗಿಸಿಕೊಳ್ಳಿ. ಆನೆ ರಸ್ತೆಗೆ ಬಂದಿದ್ದರೆ ದೂರದಲ್ಲೇ ನಿಂತು ಹೆಡ್‌ಲೈಟ್ ಡಿಮ್ ಮಾಡಿ ಕಾಯಬೇಕು, ಹಾರನ್ ಹೊಡೆಯಬಾರದು. ಮಡಿಕೇರಿಯಿಂದ ಇಳಿಯುವಾಗ ಸುಟ್ಟ ವಾಸನೆ ಬಂದರೆ ಡ್ರೈವರ್ ಬ್ರೇಕಿನ ಮೇಲೇ ಕಾಲಿಟ್ಟು ಇಳಿಸುತ್ತಿದ್ದಾನೆ ಅಂತ ಅರ್ಥ. ಗೇರ್ ಇಳಿಸಿ ಓಡಿಸಣ್ಣ ಅನ್ನಿ. ವಾಸನೆ ಹೋಗದಿದ್ದರೆ ಹತ್ತು ನಿಮಿಷ ಅಗಲದ ಜಾಗ ನೋಡಿ ನಿಲ್ಲಿಸಿ, ಬಿಸಿಯಾದ ಚಕ್ರಕ್ಕೆ ನೀರು ಹೊಯ್ಯಲು ಬಿಡಬೇಡಿ, ಡ್ರಮ್ ಬಿರುಕು ಬಿಡುತ್ತದೆ.