ಉಬುಂಟುನಲ್ಲಿ ಕೇಬಲ್ ಹಾಕಿದರೂ ನೆಟ್ ಇಲ್ಲ, ಏನು ಮಾಡಲಿ?

ಪ್ರಶ್ನೆ (ಧಾರವಾಡ): ನಮಸ್ಕಾರ ಸರ್. ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ವೈಫೈ ಸರಿಯಾಗಿ ಸಿಗಲ್ಲ ಅಂತ ಓನರ್ ರೌಟರ್‌ನಿಂದ ಕೇಬಲ್ ಎಳೆಸಿ ಕೊಟ್ಟಿದ್ದಾರೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್) ಎರಡೂ ಇವೆ. ವಿಂಡೋಸ್‌ನಲ್ಲಿ ಕೇಬಲ್ ನೆಟ್ ಓಡುತ್ತದೆ. ಉಬುಂಟುಗೆ ಬಂದರೆ ಕೇಬಲ್ ಹಾಕಿಯೇ ಇಲ್ಲ ಅನ್ನುತ್ತದೆ. ಗೆಳೆಯರು ಉಬುಂಟು ತೆಗೆದು ಹೊಸದಾಗಿ ಹಾಕು ಅಂತಾರೆ. ಹಾಕಲಾ?

ಉತ್ತರ (ಹುಬ್ಬಳ್ಳಿ, ನೆಟ್‌ವರ್ಕ್ ಟೆಕ್ನಿಷಿಯನ್): ಬೇಡ, ಸುಮ್ನೆ ಒಂದು ದಿನ ಹಾಳು. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಬೇಕು: ಮೊದಲು ವೈರು, ಆಮೇಲೆ ಕಾರ್ಡು (ಕೇಬಲ್ ಸೇರುವ ನೆಟ್‌ವರ್ಕ್ ಕಾರ್ಡು), ಆಮೇಲೆ ಐಪಿ (ನೆಟ್‌ನಲ್ಲಿ ಲ್ಯಾಪ್‌ಟಾಪ್‌ನ ವಿಳಾಸ), ಕೊನೆಗೆ ಡಿಎನ್ಎಸ್ (ಸೈಟಿನ ಹೆಸರಿನಿಂದ ಅದರ ಐಪಿ ಹುಡುಕಿ ಕೊಡುವ ವ್ಯವಸ್ಥೆ). ವಿಂಡೋಸ್‌ನಲ್ಲಿ ಓಡುತ್ತದೆ ಅಂದರೆ ವೈರು ಸರಿ ಇದೆ. ಉಬುಂಟುನಲ್ಲಿ ಇರುವಾಗ ಕೇಬಲ್ ಸಿಕ್ಕಿಸುವ ಪೋರ್ಟಿನ ಲೈಟ್ ಉರಿಯುತ್ತದಾ ನೋಡಿ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ವಿಂಡೋ) 'ಐಪಿ ಲಿಂಕ್' (ip link) ಕಮಾಂಡ್ ಕೊಡಿ. 'ಇ-ಎನ್' (en) ಅಂತ ಶುರುವಾಗುವ ಹೆಸರೇ ನಿಮ್ಮ ಕೇಬಲ್ ಕಾರ್ಡು. ಆ ಹೆಸರೇ ಇಲ್ಲದಿದ್ದರೆ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಸಮಸ್ಯೆ ಇರಬಹುದು. ಹೆಸರಿದ್ದು 'ನೋ ಕ್ಯಾರಿಯರ್' ಅಂತ ಬಂದರೆ ಕಾರ್ಡಿಗೆ ಸಿಗ್ನಲ್ ಮುಟ್ಟುತ್ತಿಲ್ಲ. ಕಾರ್ಡು ಯಾವ ಕಂಪನಿಯದು ಅಂತ 'ಎಲ್ಎಸ್‌ಪಿಸಿಐ' (lspci) ಕಮಾಂಡ್ ಹೇಳುತ್ತದೆ.

ಪ್ರಶ್ನೆ: ಲೈಟ್ ಇಲ್ಲ ಸರ್. ನೋ ಕ್ಯಾರಿಯರ್ ಅಂತಲೇ ಬಂತು. ಕಾರ್ಡು ರಿಯಲ್‌ಟೆಕ್.

ಉತ್ತರ: ಹಾಗಾದರೆ ವಿಂಡೋಸ್ ಮೇಲೆ ನನ್ನ ಅನುಮಾನ. ಅದರಲ್ಲಿ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅರ್ಧ ಕೆಲಸ ಡಿಸ್ಕ್‌ನಲ್ಲಿ ಉಳಿಸಿ ಮಲಗುತ್ತದೆ. ಕೆಲವು ರಿಯಲ್‌ಟೆಕ್ ಕಾರ್ಡುಗಳನ್ನು ವಿಂಡೋಸ್ ಡ್ರೈವರ್ ಆಗಲೇ ಆಫ್ ಮಾಡಿಬಿಡುತ್ತದೆ. ಆಮೇಲೆ ಬಂದ ಲಿನಕ್ಸ್‌ಗೆ ಕಾರ್ಡು ಕಾಣುತ್ತದೆ, ಲಿಂಕ್ ಮಾತ್ರ ಏಳುವುದಿಲ್ಲ.

ವಿಂಡೋಸ್‌ಗೆ ಹೋಗಿ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಅಡ್ವಾನ್ಸ್ಡ್ ಪಟ್ಟಿಯಲ್ಲಿ 'ಶಟ್‌ಡೌನ್ ವೇಕ್ ಆನ್ ಲ್ಯಾನ್' (ಶಟ್‌ಡೌನ್ ಆದಮೇಲೂ ಕಾರ್ಡು ಎಚ್ಚರ ಇರುವ ಸೌಲಭ್ಯ) ಇದ್ದರೆ ಎನೇಬಲ್ ಮಾಡಿ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಉಬುಂಟು ಶುರು ಮಾಡಿ. ಎರಡೆರಡು ಓಎಸ್ ಇಟ್ಟುಕೊಂಡವರು ಈ ಟಿಕ್ ಹೇಗೂ ತೆಗೆದಿಡುವುದು ಒಳ್ಳೆಯದು. ಅರ್ಧ ಮಲಗಿದ ವಿಂಡೋಸ್ ಡ್ರೈವ್‌ಗೆ ಉಬುಂಟುನಿಂದ ಏನಾದರೂ ಬರೆದರೆ ಫೈಲ್ ಕೆಡುವ ಭಯ ಇದೆ. ನಿಮ್ಮ ನೋಟ್ಸ್ ಎಲ್ಲಾ ಅಲ್ಲೇ ಇರುತ್ತವೆ, ಅಲ್ವಾ?

ಪ್ರಶ್ನೆ: ಸರ್, ಲೈಟ್ ಬಂತು! ಕನೆಕ್ಟೆಡ್ ಅಂತಲೂ ತೋರಿಸುತ್ತದೆ. ಆದರೆ ಯಾವ ಸೈಟೂ ತೆರೆಯುತ್ತಿಲ್ಲ. ಐಪಿ 192.168.1.50 ಇದೆ. ಹಿಂದೆ ಗೆಳೆಯ ಕೈಯಿಂದ ಹಾಕಿದ್ದ.

ಉತ್ತರ: ನಿಮ್ಮ ಫೋನನ್ನು ಅದೇ ರೌಟರ್‌ನ ವೈಫೈಗೆ ಹಾಕಿ ಐಪಿ ನೋಡಿ. ಅಲ್ಲಿ 192.168.0 ಅಂತ ಶುರುವಾದರೆ ನಿಮ್ಮ ಲ್ಯಾಪ್‌ಟಾಪ್ ಬೇರೆಯೇ ಓಣಿಯಲ್ಲಿ ಕೂತಿದೆ. ವೈರ್ಡ್ ಸೆಟ್ಟಿಂಗ್ಸ್‌ನ ಐಪಿವಿ4ನಲ್ಲಿ 'ಮ್ಯಾನ್ಯುಯಲ್' ತೆಗೆದು 'ಆಟೋಮ್ಯಾಟಿಕ್' ಮಾಡಿ, ಕನೆಕ್ಷನ್ ಆಫ್ ಮಾಡಿ ಆನ್ ಮಾಡಿ. ಆಮೇಲೂ ಆಗದಿದ್ದರೆ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿ, ಅಂದರೆ ಅಲ್ಲಿಂದ ಉತ್ತರ ಬರುತ್ತದಾ ನೋಡಿ. ಅದಕ್ಕೆ ಉತ್ತರ ಬಂದು ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್ಎಸ್ ನೋಡೋಣ.

ಪ್ರಶ್ನೆ: ಆಟೋಮ್ಯಾಟಿಕ್ ಮಾಡಿದೆ, ಓಡುತ್ತಿದೆ. ತುಂಬಾ ಥ್ಯಾಂಕ್ಸ್ ಸರ್.

ಪ್ರಶ್ನೆ (ಗದಗ): ನನ್ನದೂ ಲಿನಕ್ಸ್, ನೆಟ್ ಬರುತ್ತದೆ. ಪ್ಲಾನ್ 300 ಎಂಬಿಪಿಎಸ್, ಕೇಬಲ್‌ನಲ್ಲಿ 95 ದಾಟಲ್ಲ. ವೈಫೈನಲ್ಲೇ ಜಾಸ್ತಿ ಬರುತ್ತದೆ.

ಉತ್ತರ: 'ಇಥ್‌ಟೂಲ್' (ethtool) ಕಮಾಂಡ್ ಮುಂದೆ ಕಾರ್ಡಿನ ಹೆಸರು ಕೊಟ್ಟು ಸ್ಪೀಡ್ ಸಾಲು ನೋಡಿ. ಅಲ್ಲಿ 100 ಇದ್ದರೆ ಲಿನಕ್ಸ್‌ನ ತಪ್ಪಲ್ಲ. ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಒಂದು ತಂತಿ ತುಂಡಾದರೂ, ಕನೆಕ್ಟರ್ ಒಳಗೆ ಸರಿಯಾಗಿ ಕೂರದಿದ್ದರೂ ಲಿಂಕ್ 100ಕ್ಕೆ ಇಳಿಯಬಹುದು. ಕಿಟಕಿ ಸಂದಿಯಲ್ಲಿ ಮಡಚಿಕೊಂಡ ಜಾಗ ಮೊದಲು ನೋಡಿ. ಬೇರೆ ಕೇಬಲ್ ಹಾಕಿದರೂ 100 ಬಂದರೆ ರೌಟರ್‌ನ ಪೋರ್ಟ್ ಗಿಗಾಬಿಟ್ (1000ದ್ದು) ಹೌದೋ ಅಲ್ಲವೋ ನೋಡಿ. ಕಡಿಮೆ ಬೆಲೆಯ ಎಷ್ಟೋ ರೌಟರ್‌ಗಳಲ್ಲಿ ವೈಫೈ ಜೋರಾಗಿದ್ದರೂ ಪೋರ್ಟ್ 100ರದ್ದೇ ಇರುತ್ತದೆ. ಕೇಬಲ್‌ದೇ ತಪ್ಪು ಅಂತಾದರೆ ಎರಡೂ ತುದಿಗೆ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿ (ಒತ್ತಿ ಕೂರಿಸಿ), ಟೆಸ್ಟರ್‌ನಲ್ಲಿ ಎಂಟೂ ಲೈಟ್ ವರಸೆಯಾಗಿ ಬರುವುದನ್ನು ನೋಡಿಯೇ ದುಡ್ಡು ಕೊಡಿ.