ಅಪ್‌ಡೇಟ್: ತಡವಾಗಿದ್ದ ಬಿಲ್ಲಿಂಗ್ ತಂತ್ರಾಂಶ ಹಳಿಗೆ ಬಂತು

ಸಗಟು ವ್ಯಾಪಾರಿಯೊಬ್ಬರಿಗಾಗಿ ನಮ್ಮ ತಂಡ ಬರೆಯುತ್ತಿದ್ದ ಜಿಎಸ್‌ಟಿ ಬಿಲ್ಲಿಂಗ್ ತಂತ್ರಾಂಶ ಗಡುವು ಮೀರಿದೆ, ಏನು ಮಾಡಲಿ ಎಂದು ಕೇಳಿದ್ದೆ. ಅದರ ಮೊದಲ ಆವೃತ್ತಿ ಈಗ ಬಳಕೆಗೆ ಬಂದಿದೆ.

ಕೈಹಿಡಿದದ್ದು, ಬಾಕಿ ಕೆಲಸಗಳ ಪಟ್ಟಿಯನ್ನು ಗ್ರಾಹಕರ ಮುಂದಿಟ್ಟು ಒಂದೊಂದರ ಬಗ್ಗೆಯೂ ‘ಇದಿಲ್ಲದೆ ಅಂಗಡಿ ನಡೆಯುತ್ತದೆಯೇ?’ ಎಂದು ಕೇಳಿರಿ ಎಂಬ ಸಲಹೆ. ಹಾಗೆ ಕೇಳಿದಾಗ, ನಾವು ಎಲ್ಲಕ್ಕಿಂತ ಹೆಚ್ಚು ಹೆಣಗಿದ್ದ ಬಣ್ಣಬಣ್ಣದ ಮಾರಾಟದ ಗ್ರಾಫ್‌ಗಳು ಅವರಿಗೆ ಸದ್ಯಕ್ಕೆ ಬೇಕಿರಲೇ ಇಲ್ಲವೆಂದೂ, ಸರಕು ವಾಪಸಾದಾಗ ಕೊಡುವ ಕ್ರೆಡಿಟ್ ನೋಟ್ ಮಾತ್ರ ಮೊದಲ ದಿನದಿಂದಲೇ ಬೇಕೆಂದೂ ತಿಳಿಯಿತು; ನನಗೆ ನಿಜಕ್ಕೂ ಅಚ್ಚರಿಯಾದದ್ದು ಇದೇ.

ಹೊಸಬರನ್ನು ಸೇರಿಸಿಕೊಳ್ಳಿ ಎಂಬ ಸಲಹೆ ಫಲಿಸಲಿಲ್ಲ. ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂನ ಯೋಜನೆಯನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು: ಐವರ ನಡುವೆ ಮಾತುಕತೆಯ ಜೋಡಿಗಳು 10 ಇದ್ದರೆ, ಎಂಟು ಜನರಾದಾಗ ಅವು 28 ಆಗುತ್ತವೆ. ನಮ್ಮಲ್ಲೂ ಹಳಬರ ಹೊತ್ತೆಲ್ಲ ಹೊಸಬರಿಗೆ ಕೋಡ್ ವಿವರಿಸುವುದರಲ್ಲೇ ಕಳೆಯಿತು. ಭಾನುವಾರದ ದುಡಿಮೆಯಿಂದ (ಅದನ್ನು ಸೂಚಿಸಿದವರು ಕ್ಷಮಿಸಬೇಕು) ದೋಷಗಳೇ ಹೆಚ್ಚಿದವು.

ಪ್ರತಿ ಸಂಜೆ ಹೊಸ ಬಿಲ್ಡ್ (ಅಂದಿನವರೆಗಿನ ಕೋಡ್‌ನಿಂದ ತಯಾರಾದ, ಚಲಾಯಿಸಬಲ್ಲ ತಂತ್ರಾಂಶ) ಮಾಡಿ ಗ್ರಾಹಕರ ಗುಮಾಸ್ತರ ಕೈಗೇ ಕೊಟ್ಟು ಬಿಲ್ ಹಾಕಿಸುವ ಕ್ರಮವನ್ನು ಮುಂದುವರಿಸಿದ್ದೇವೆ. ಗ್ರಾಫ್‌ಗಳು ಎರಡನೆಯ ಆವೃತ್ತಿಗೆ ಹೋಗಿವೆ.